ಸಂಗಮೇಶ ಮಡಚಿ ಕೊಟ್ಟ ಫ್ಲೆಕ್ಸ್

ಬ್ಯಾಟರಾಯನಪುರದ ನಮ್ಮ ಅಡ್ಡರಸ್ತೆಯಲ್ಲಿ ಅಂಜುಬುರುಕರು ಯಾರು ಎಂದು ಕೇಳಿದರೂ ಸಂಗಮೇಶನ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಅಂಜುಬುರುಕ ಎನ್ನಿಸಿಕೊಳ್ಳುವುದಕ್ಕಾದರೂ ಮನುಷ್ಯ ಒಮ್ಮೆ ಎಲ್ಲರ ಕಣ್ಣಿಗೆ ಬಿದ್ದಿರಬೇಕಲ್ಲ. ಗದಗ ಕಡೆಯಿಂದ ಬಂದು ಯಶವಂತಪುರದ ಒಂದು ಪಂಪ್‌ಸೆಟ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸಕ್ಕೆ ಸೇರಿದವನು. ಬಸ್ಸಿನಲ್ಲಿ ಅಡ್ಡ ನಿಂತವರಿಗೆ 'ಸ್ವಲ್ಪ ಸರೀರಿ' ಎನ್ನಲಾರದೆ ತನ್ನ ಸ್ಟಾಪು ದಾಟಿ ಯಲಹಂಕದವರೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ವಾಪಸು ಬಂದು, ಹೆಂಡತಿಗೆ 'ಹೆಬ್ಬಾಳದಾಗ ಟ್ರಾಫಿಕ್ ಭಾಳ ಇತ್ತು' ಎಂದು ಹೇಳುವವನು. ಒಮ್ಮೆ ಕ್ಷೌರದಂಗಡಿಯವನು ಅವನ ಅರ್ಧ ಮೀಸೆಯನ್ನು ಪೂರ್ತಿ ಹಾರಿಸಿದಾಗ ಕನ್ನಡಿ ನೋಡಿಕೊಂಡು 'ಚಲೋ ಆಗೇದ' ಎಂದು ಹೊಗಳಿ ಬಂದಿದ್ದ. ನಾನು ಅವನ ಎದುರು ಮನೆಯವನು. ಇದೆಲ್ಲ ನನ್ನ ಕಿಟಕಿಯಿಂದ ಕಂಡದ್ದು, ಉಳಿದದ್ದು ಅವನ ಹೆಂಡತಿ ರತ್ನಕ್ಕನ ಬಾಯಿಂದ ಕೇಳಿದ್ದು.

ಇಂಥವನಿಗೆ ಧೈರ್ಯ ಕಲಿಸಿದ್ದು ಒಂದು ಹಾಸ್ಯ ಸಿನಿಮಾ. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ನೋಡುತ್ತೀರಿ, ನಿಮ್ಮ ಬೀದಿಯಲ್ಲೂ ಇದೇ ಗತಿಯಾಗುತ್ತದೆ. ಅದರ ನಾಯಕ ಚಟಾಕು ಎಂಬ ಒಂಬತ್ತು ವರ್ಷದ ಪೋರ. ಊರ ಗೌಡನ ಹೋರಿ ಶಾಲೆಯ ಬಾಗಿಲಿಗೆ ಅಡ್ಡ ಮಲಗುತ್ತದೆ. ಮೇಷ್ಟ್ರು ಸಮೇತ ಊರಿಗೆ ಊರೇ ಗೋಡೆ ಹಾರಿ ಶಾಲೆಗೆ ಹೋಗುತ್ತದೆ. ಚಟಾಕು ಮಾತ್ರ ಸೊಂಟದಿಂದ ಜಾರುವ ಚಡ್ಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಗೌಡನ ಮನೆಗೆ ಹೋಗಿ 'ಹೋರಿ ಎಬ್ಬಿಸಿ' ಎನ್ನುತ್ತಾನೆ. ಗೌಡ ಗದರಿದರೆ ಓಡುವುದಿಲ್ಲ, ಕೂಗುವುದೂ ಇಲ್ಲ. ಕತ್ತು ಸ್ವಲ್ಪ ಓರೆ ಮಾಡಿ ಮೆತ್ತಗೆ 'ಏನೀಗ?' ಎಂದು ಕೇಳುತ್ತಾನೆ, ಅಷ್ಟೆ. ಸಂಗಮೇಶ ಇದನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದನೆಂದರೆ ಕಾಲೇಜಿಗೆ ಹೋಗುವ ಮಗಳು ಅಕ್ಷಯಾ ಪಕ್ಕದ ಕೋಣೆಯಲ್ಲಿ ಕೂತೇ ಎಲ್ಲರ ಸಂಭಾಷಣೆಯನ್ನೂ ಒಪ್ಪಿಸುತ್ತಿದ್ದಳು. ನೋಡಿದ ಪ್ರತಿ ಸಲವೂ ಅವನು ಕಣ್ಣೊರೆಸಿಕೊಂಡು, 'ಜೀವನದಾಗ ಒಮ್ಮೆರ ಹಿಂಗ ನಿಲ್ಲಬೇಕ ನೋಡು' ಎಂದು ಹೇಳಿ ಮಲಗಿಬಿಡುತ್ತಿದ್ದ.

ನಿಲ್ಲುವ ಪ್ರಸಂಗ ಫೆಬ್ರವರಿಯಲ್ಲಿ ಬಂತು. ನಮ್ಮ ಬಡಾವಣೆಯ ಸಮಾಜಸೇವಕ ಶ್ರೀರಾಮಪ್ಪನವರ ಹುಟ್ಟುಹಬ್ಬ. ಇಂದು ಬಂತು ನಾಳೆ ಬಂತು ಎಂದು ವರ್ಷಗಟ್ಟಲೆಯಿಂದ ಕಾಯಿಸುತ್ತಿರುವ ವಾರ್ಡ್ ಚುನಾವಣೆಗೆ ಅವರು ಅಷ್ಟೂ ವರ್ಷದಿಂದ ಕೈಮುಗಿದುಕೊಂಡೇ ನಿಂತಿದ್ದಾರೆ, ಬೀದಿ ಬೀದಿಯ ಫ್ಲೆಕ್ಸಿನಲ್ಲಿ. ಈ ಸಲ ಅವರ ಹುಡುಗರು ಕಂಬಗಳಲ್ಲಿ ಜಾಗ ಸಿಗದೆ ಸಂಗಮೇಶನಿದ್ದ ಬಾಡಿಗೆ ಮನೆಯ ಮೊದಲ ಮಹಡಿಯ ಬಾಲ್ಕನಿಗೆ, ಈ ತುದಿಯಿಂದ ಆ ತುದಿಗೆ, ಒಂದು ಭಾರಿ ಫ್ಲೆಕ್ಸ್ ಬಿಗಿದರು. 'ಬಡವರ ಬಂಧು, ಯುವಕರ ಕಣ್ಮಣಿ' ಎಂದು ಬರೆದ ಅದರ ಕೆಳಗೆ ಶುಭ ಕೋರುವವರ ಮುಖಗಳು ಸಾಲಾಗಿದ್ದವು. ಕೆಳಗಿನ ಮನೆಯಲ್ಲಿದ್ದ ಮಾಲೀಕ ಕೃಷ್ಣಯ್ಯನವರು ಹಗ್ಗ ಕಟ್ಟುವವರಿಗೆ ಕಾಫಿ ಕೊಟ್ಟರು.

ಬೆಳಗಿನ ಬಿಸಿಲು ಬಿದ್ದರೆ ಶ್ರೀರಾಮಪ್ಪನವರ ಮುಖ ಹಿಂದುಮುಂದಾಗಿ ಸಂಗಮೇಶನ ನಡುಮನೆಯೊಳಗೆ ಮೂಡುತ್ತಿತ್ತು. ಮನೆಮಂದಿ ರೊಟ್ಟಿ ತಿನ್ನುವುದನ್ನು ಕಪ್ಪು ಕನ್ನಡಕದೊಳಗಿಂದ ನೋಡುತ್ತಿತ್ತು. ಅಕ್ಷಯಾ ತಲೆ ಬಾಚಿಕೊಳ್ಳಲು ಬಚ್ಚಲುಮನೆಗೆ ಹೋಗತೊಡಗಿದಳು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ರತ್ನಕ್ಕನ ಸಂಡಿಗೆ. ರತ್ನಕ್ಕ ಮನೆಯಲ್ಲೇ ಸಂಡಿಗೆ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಮಾಡಿ ಬೀದಿಯವರಿಗೆ ಕೊಡುತ್ತಿದ್ದವಳು. ಆರ್.ಟಿ. ನಗರದಲ್ಲಿ ಮದುವೆಮನೆಗಳಿಗೆ ಅಡುಗೆ ಒಪ್ಪಿಕೊಳ್ಳುವ ಸಬೀರಾ ಎಂಬಾಕೆ ಒಮ್ಮೆ ಅದನ್ನು ತಿಂದು ನೋಡಿ, ರತ್ನಕ್ಕನ ಜೀವಮಾನದ ಮೊದಲ ದೊಡ್ಡ ಆರ್ಡರು ಕೊಟ್ಟಿದ್ದಳು. ಚಲೋ ಬಂದರೆ ಇನ್ನು ಮುಂದೆ ಎಲ್ಲ ಮದುವೆಗೂ ರತ್ನಕ್ಕನದೇ ಸಂಡಿಗೆ ಎಂದು ಮಾತಾಗಿತ್ತು. ಮನೆಯ ತಾರಸಿಯ ಮೇಲೆ ಕೃಷ್ಣಯ್ಯನವರು ಇನ್ನೊಂದು ಶೀಟಿನ ಮನೆ ಕಟ್ಟಿಸಿ ಅದನ್ನೂ ಬಾಡಿಗೆಗೆ ಕೊಟ್ಟಿದ್ದರಿಂದ ಆಕೆಗೆ ಬಿಸಿಲು ಅಂತ ಇದ್ದದ್ದು ಬಾಲ್ಕನಿಯಲ್ಲಿ ಮಾತ್ರ. ಈಗ ಅಲ್ಲಿ ಬಡವರ ಬಂಧು ನಿಂತಿದ್ದರು. ಒಳಗೆ ಹಾಸಿದ ಸಂಡಿಗೆ ಹುಳಿ ವಾಸನೆ ಹೊಡೆಯಲು ಶುರುವಾಯಿತು.

"ಹುಟ್ಟಿದಹಬ್ಬ ಒಂದಿನದ್ದು, ಬಿಚ್ಚತಾರ ತಡಿ" ಎಂದ ಸಂಗಮೇಶ.

ಹುಟ್ಟುಹಬ್ಬ ಮುಗಿಯಿತು. ಹುಡುಗರು ಬಂದರು. ಬಿಚ್ಚಲಿಲ್ಲ. 'ಹುಟ್ಟುಹಬ್ಬದ' ಎಂಬುದರ ಮೇಲೆ 'ಶಿವರಾತ್ರಿಯ' ಎಂದು ಬರೆದ ಚೀಟಿ ಅಂಟಿಸಿ ಹೋದರು.

"ಮುಂದ ಯುಗಾದಿ ಐತಿ, ಆಮ್ಯಾಲೆ ರಾಮನವಮಿ" ಎಂದಳು ರತ್ನಕ್ಕ. "ಅಲ್ರೀ, ದಿನಾ ಆ ಹುಡುಗನ್ನ ನೋಡಿ ಅಳತೀರಲ್ಲ. ಅಂವ ಹೋರಿ ಎಬ್ಬಿಸಿದಾ. ನಿಮ್ಮಿಂದ ಒಂದು ಹಾಳಿ ಬಿಚ್ಚೂದಾಗಂಗಿಲ್ಲೇನು?"

ಹೆಂಡತಿಯ ಈ ಮಾತು ಅವನಿಗೆ ನಾಟಿತು. ಆ ಭಾನುವಾರ ಸಿನಿಮಾವನ್ನು ಮತ್ತೊಮ್ಮೆ ನೋಡಿ, ಬಚ್ಚಲುಮನೆಯ ಕನ್ನಡಿಯ ಮುಂದೆ ಕತ್ತು ಓರೆ ಮಾಡಿ 'ಏನೀಗ?' ಎನ್ನುವುದನ್ನು ಅಭ್ಯಾಸ ಮಾಡಿದ. ಕುತ್ತಿಗೆ ಉಳುಕಿತು. ಸೋಮವಾರ ಬೆಳಗ್ಗೆ, ಉಳುಕಿದ ಕುತ್ತಿಗೆಯಲ್ಲೇ, ಬಾಲ್ಕನಿಗೆ ಹೋಗಿ ಒಂದೊಂದೇ ಗಂಟು ಬಿಚ್ಚಿದ. ಬೀದಿಯಲ್ಲಿ ಹಾಲಿಗೆ ಬಂದವರು, ನಾಯಿ ಹಿಡಿದುಕೊಂಡು ಹೊರಟವರು ಎಲ್ಲರೂ ನಿಂತು ನೋಡಿದರು. ಶ್ರೀರಾಮಪ್ಪನವರು ಮೊದಲು ಹಣೆಯಿಂದ ಬಾಗಿ, ಆಮೇಲೆ ಪೂರ್ತಿ ಮಡಚಿಕೊಂಡು ಒಳಗೆ ಹೋದರು.

ಇಲ್ಲಿಯವರೆಗೂ ಎಲ್ಲ ಸರಿಯಾಗಿತ್ತು. ಸಂಗಮೇಶ ತಪ್ಪು ಮಾಡಿದ್ದು ಇದಾದ ಮೇಲೆ. ಪರರ ವಸ್ತು ಮನೆಯಲ್ಲಿ ಇಟ್ಟುಕೊಳ್ಳಬಾರದೆಂದು ಆ ಫ್ಲೆಕ್ಸನ್ನು ಸೀರೆ ಮಡಚುವ ಹಾಗೆ ಅಚ್ಚುಕಟ್ಟಾಗಿ ಮಡಚಿ, ಅದನ್ನು ಮುದ್ರಿಸಿದ ಮುಂದಿನ ರಸ್ತೆಯ ಗಯಾಸನ ಅಂಗಡಿಗೆ ವಾಪಸು ಕೊಡಲು ಹೊರಟ. ಹೊರಡುವಾಗ ರತ್ನಕ್ಕ, "ಬರಿಗೈಲೆ ಹೋಗಬ್ಯಾಡ್ರಿ" ಎಂದು ನಾಲ್ಕು ಖಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. ಅವರ ಊರಿನಲ್ಲಿ ಅದು ಮರ್ಯಾದೆ. ನಮ್ಮ ಬೀದಿಯಲ್ಲಿ ಅದಕ್ಕೆ ಬೇರೆ ಅರ್ಥ. ಇಲ್ಲಿ ಫ್ಲೆಕ್ಸ್ ಹರಿದರೆ ಕುಡುಕ ಅನ್ನುತ್ತಾರೆ. ಬಿಚ್ಚಿಕೊಂಡು ಹೋದರೆ ಗುಡಿಸಲಿಗೆ ಹೊದಿಸಲು ಬೇಕಿತ್ತೇನೋ ಪಾಪ ಅನ್ನುತ್ತಾರೆ. ಆದರೆ ಹಾಡಹಗಲಲ್ಲಿ ಬಿಚ್ಚಿ, ಮಡಚಿ, ಮೇಲೆ ರೊಟ್ಟಿ ಇಟ್ಟು ವಾಪಸು ಕಳಿಸುವುದೆಂದರೆ ಅದು ರಾಜಕೀಯ.

ಗಯಾಸ್ ಗಂಟು ಬಿಚ್ಚಿ ನೋಡಿ ಎದ್ದು ನಿಂತ. "ಅರೇ ಸಾಬ್, ಇದ್ ಯಾರ್ ತೆಗ್ದಿದ್ದು?"

"ನಾನ ತಗದೀನ್ರಿ."

"ಹರಿದಿಲ್ಲ, ಏನಿಲ್ಲ! ಸಂದೇಶ ಕಳ್ಸಿದೀರಾ? ನಾಳೆ ಶ್ರೀರಾಮಣ್ಣ ಬಂದು ಕೇಳಿದ್ರೆ ನಾನ್ ಏನಂತ ಹೇಳ್ಲಿ?"

ಸಂಗಮೇಶ ಚಟಾಕುವನ್ನು ನೆನೆದು ಕತ್ತು ಓರೆ ಮಾಡಲು ಹೋದ. ಅದು ಉಳುಕಿ ಮೊದಲೇ ಓರೆಯಾಗಿತ್ತು.

"ಏನೀಗ? ಅಂತ ಹೇಳ್ರಿ" ಎಂದ.

ಮಧ್ಯಾಹ್ನದೊಳಗೆ ಈ 'ಏನೀಗ' ಕೊಡಿಗೇಹಳ್ಳಿಯವರೆಗೆ ಹೋಗಿ ಮುಟ್ಟಿತು. ಎಲ್ಲರದೂ ಒಂದೇ ಪ್ರಶ್ನೆ: ಈ ಮನುಷ್ಯನ ಹಿಂದೆ ಯಾರಿದ್ದಾರೆ? ಹಿಂದೆ ಯಾರೂ ಇಲ್ಲದೆ ಒಬ್ಬ ಸ್ಟೋರ್ಸ್ ಗುಮಾಸ್ತ ಹೀಗೆ ಮಾಡಬಹುದು ಎಂಬ ಯೋಚನೆ ಈ ಬಡಾವಣೆಯಲ್ಲಿ ಒಬ್ಬನಿಗೂ ಬರಲಿಲ್ಲ. ನನಗೂ ಬರಲಿಲ್ಲ. ನಾನು ನಿಜ ಹೇಳುತ್ತೇನೆ, ಆ ಸಂಜೆ ಅವನು ಬೀದಿಯಲ್ಲಿ ಸಿಕ್ಕಾಗ ಮೊದಲ ಸಲ ಅವನಿಗೆ ನಾನಾಗಿಯೇ ನಮಸ್ಕಾರ ಹೇಳಿದೆ.

ಮಾಲೀಕ ಕೃಷ್ಣಯ್ಯನವರು ಮಹಡಿ ಹತ್ತಿ ಬಂದರು. ಬಾಡಿಗೆ ಒಂದು ದಿನ ತಡವಾದರೆ ಕೆಳಗಿನಿಂದಲೇ ಕೂಗುತ್ತಿದ್ದವರು ಇಂದು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು.

"ಸಂಗಮೇಶ್ ಅವ್ರೇ, ನಿಮ್ಹಿಂದೆ ಯಾರಿದ್ದಾರೆ ಅಂತ ನಂಗಾದ್ರೂ ಒಂದ್ ಮಾತು ಹೇಳಿ. ನಿಮ್ ಮನೆ ಮಾಲೀಕ ಕಣ್ರೀ ನಾನು."

"ಯಾರೂ ಇಲ್ರಿ."

"ಅರ್ಥ ಆಯ್ತು, ಅರ್ಥ ಆಯ್ತು" ಎಂದು ಕೃಷ್ಣಯ್ಯನವರು ದನಿ ತಗ್ಗಿಸಿದರು. "ಇನ್ನೂ ಹೇಳೋ ಹಾಗಿಲ್ಲ ಅನ್ಸುತ್ತೆ. ಇರ್ಲಿ. ಬಚ್ಚಲು ನಲ್ಲಿ ಸೋರ್ತಿದೆ ಅಂತಿದ್ರಲ್ಲ, ನಾಳೇನೇ ಪ್ಲಂಬರ್ ಕಳಿಸ್ತೀನಿ."

ಮೂರು ವರ್ಷದಿಂದ ಸೋರುತ್ತಿದ್ದ ನಲ್ಲಿ ಮರುದಿನ ನಿಂತಿತು.

ಅದರ ಹಿಂದೆಯೇ ಪಾಲಿಕೆಯ ಕಚೇರಿಯಿಂದ ಶಿವಪ್ರಕಾಶ ಎಂಬ ಅಧಿಕಾರಿ ಬಂದರು. ಫ್ಲೆಕ್ಸ್ ಕಟ್ಟುವುದು ಕಾನೂನಿನ ಪ್ರಕಾರ ತಪ್ಪು, ಬಿಚ್ಚುವುದು ವ್ಯವಹಾರದ ಪ್ರಕಾರ ತಪ್ಪು. ಎರಡನ್ನೂ ಸಂಭಾಳಿಸಿಕೊಂಡು ನಿವೃತ್ತಿಯ ಹತ್ತಿರ ಬಂದ ಮನುಷ್ಯ ಅವರು. ಕುರ್ಚಿಯ ಅಂಚಿನಲ್ಲಿ ಕೂತು ನೀರು ಕೇಳಿದರು.

"ಸಾರ್, ಯಾರ್ದು ಫ್ಲೆಕ್ಸ್ ಅಂತ ನೋಡ್ಕೊಂಡು ನಾವು ಸುಮ್ನಿರ್ತೀವಿ. ತೆಗೆದೋರು ಯಾರು ಅಂತ ನೋಡ್ಬೇಕಾಗಿ ಬಂದಿದ್ದು ನನ್ ಸರ್ವಿಸ್ಸಲ್ಲಿ ಇದೇ ಫಸ್ಟು. ನಾನು ಯಾರ್ ಕಡೆ ಇರ್ಬೇಕು ಅನ್ನೋದು ಗೊತ್ತಾಗ್ಬೇಕಲ್ಲ. ನಿಮಗೆ ಇಷ್ಟು ಧೈರ್ಯ ಕೊಟ್ಟವರು ಯಾರು ಸಾರ್?"

ಸಂಗಮೇಶ ಅಧಿಕಾರಿಯ ಮುಂದೆ ಸುಳ್ಳು ಹೇಳುವವನಲ್ಲ. ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು. ಸಿನಿಮಾ, ಚಟಾಕು, ಹೋರಿ, ಚಡ್ಡಿ ಎಲ್ಲವನ್ನೂ ಬಿಡಿಸಿ ಹೇಳಿದ. ಆ ಹುಡುಗನಿಂದಲೇ ತನಗೆ ಧೈರ್ಯ ಬಂದದ್ದೆಂದು ಹೇಳುವಾಗ ಅವನ ಕಣ್ಣೂ ತುಂಬಿತು.

ಶಿವಪ್ರಕಾಶ ಗಂಭೀರವಾಗಿ ಕೇಳಿಸಿಕೊಂಡರು. ಐವತ್ತು ಹತ್ತಿರವಾದ ಗಂಡಸು ಒಂದು ಹಾಸ್ಯ ಸಿನಿಮಾದ ಮಗುವನ್ನು ನಂಬಿ ಶ್ರೀರಾಮಪ್ಪನವರನ್ನು ಮಡಚಿದ ಎಂದು ನಂಬಲು ಅವರೇನು ಹುಚ್ಚರೇ? ಮೆಟ್ಟಿಲಿಳಿದು ಕೆಳಗೆ ಕಾಯುತ್ತಿದ್ದ ಕೃಷ್ಣಯ್ಯನವರ ಕಿವಿಯಲ್ಲಿ ಹೇಳಿದರು: "ಸಿನಿಮಾದವರು ಕಣ್ರೀ! ಯಾವ್ದೋ ದೊಡ್ಡ ಪ್ರೊಡ್ಯೂಸರು ಮಗನ್ನ ಎಲೆಕ್ಷನ್‌ಗೆ ನಿಲ್ಲಿಸ್ತಿದ್ದಾನೆ. ಹುಡುಗ, ಹುಡುಗ ಅಂತ ಕಣ್ಣೀರ್ ಹಾಕ್ಕೊಂಡ್ರು ನೋಡಿ, ಅಷ್ಟು ಕ್ಲೋಸು."

ಇತ್ತ ಬಾಲ್ಕನಿಯಲ್ಲಿ ಬಿಸಿಲು ಬಿದ್ದಿತ್ತು. ರತ್ನಕ್ಕ ಹುಳಿ ಬಂದ ಸಂಡಿಗೆಯನ್ನು ಚೆಲ್ಲಿ, ಹೊಸ ಹಿಟ್ಟು ಕಾಯಿಸಿ, ಹಳೆಯ ಸೀರೆಯ ಮೇಲೆ ಮೊದಲ ಪಾಳಿ ಇಟ್ಟಿದ್ದಳು. ಸಬೀರಾ ಅಡುಗೆ ಒಪ್ಪಿಕೊಂಡಿದ್ದ ಮದುವೆ ಶುಕ್ರವಾರ. ಇನ್ನೆರಡು ಬಿಸಿಲು ಸಿಕ್ಕರೆ ಸಾಕೆಂದು ಆಕೆ ಲೆಕ್ಕ ಹಾಕಿದ್ದಳು. ಧೈರ್ಯ, ರಾಜಕೀಯ, ಪ್ರೊಡ್ಯೂಸರು ಯಾವುದೂ ಆಕೆಗೆ ಬೇಕಿರಲಿಲ್ಲ.

ಅಷ್ಟರಲ್ಲಿ ಗದಗಿನಿಂದ ಆಕೆಯ ಅಣ್ಣ ಪಂಚಪ್ಪ ಜೋಳದ ಚೀಲ ಹೊತ್ತು ಯಶವಂತಪುರದಲ್ಲಿ ರೈಲು ಇಳಿದ. ಯಾವ ಸಂಬಂಧಿ ಯಾವ ಗ್ರೂಪಿಗೆ ಹಾಕಿದನೋ, ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು. ಇಷ್ಟು ವರ್ಷ ತಂಗಿಯ ಗಂಡನನ್ನು 'ನಮ್ಮ ಸಂಗ್ಯಾ' ಎನ್ನುತ್ತಿದ್ದವನು ಬಾಗಿಲಲ್ಲೇ ಕಾಲು ಮುಟ್ಟಲು ಬಗ್ಗಿದ.

"ಮಾವಾರ, ನೀವು ಇಷ್ಟ ದೊಡ್ಡ ಮನಷ್ಯಾ ಆಗೀರಿ, ನಮಗೊಂದ ಮಾತು ಹೇಳಲಿಲ್ಲ. ನಮ್ಮ ಹುಡುಗನ ಟ್ರಾನ್ಸ್‌ಫರ್ ಒಂದು ಮಾಡಿಸಿಕೊಡ್ರಿ, ಬಳ್ಳಾರಿ ಬಿಸಿಲಾಗ ಒಣಗಾಕತ್ತಾನ."

"ನನ್ನ ಕಡಿಂದ ಏನಾಗತದೋ ಪಂಚಪ್ಪಾ..."

"ಹಂಗ ಅನಬ್ಯಾಡ್ರಿ. ದೊಡ್ಡವರು ಎಲ್ಲಾರೂ ಮದ್ಲ ಹಿಂಗ ಅಂತಾರ."

ಸಂಗಮೇಶ ಇನ್ನೊಮ್ಮೆ ಇಲ್ಲ ಎನ್ನಬೇಕೆಂದು ಬಾಯಿ ತೆರೆದ. ಆದರೆ ಅಷ್ಟು ಹೊತ್ತಿಗೆ 'ನೋಡೋಣ' ಎಂಬ ಮಾತು ಅದರಿಂದ ಹೊರಗೆ ಬಂದಿತ್ತು. ನಾಯಕರು ಹುಟ್ಟುವುದು ಹೀಗೆಯೇ ಎಂದು ನಾನು ಅಂದುಕೊಂಡಿದ್ದೇನೆ. ಮರುದಿನ ಅವನು ಬಿಳಿ ಅಂಗಿ ಹಾಕಿಕೊಂಡು ಕೆಲಸಕ್ಕೆ ಹೊರಟ. ಬಸ್ಸಿನಲ್ಲಿ ಯಾರೋ ಗುರುತು ಹಿಡಿದು ಜಾಗ ಬಿಟ್ಟರು. ಸರಿಯಾದ ಸ್ಟಾಪಿನಲ್ಲೇ ಇಳಿದ.

ಬುಧವಾರ ಸಂಜೆ ಸ್ವತಃ ಶ್ರೀರಾಮಪ್ಪನವರೇ ಬಂದರು. ಹಿಂದೆ ಹುಡುಗರ ಹಿಂಡು, ಒಬ್ಬನ ಕೈಯಲ್ಲಿ ಹಾರ, ಒಬ್ಬನ ಕೈಯಲ್ಲಿ ಶಾಲು, ಇನ್ನೊಬ್ಬನ ಕೈಯಲ್ಲಿ ಮೈಸೂರು ಪೇಟ. ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ಸಂಗಮೇಶ ಎದ್ದು ನಿಂತ. ಇದೇ ಹೋರಿ, ಇದೇ ಗೌಡ. ಒಳಗಿನಿಂದ ರತ್ನಕ್ಕ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಳು. 'ಬಾಲ್ಕನಿಗೆ ಇನ್ನ ಕಟ್ಟಬ್ಯಾಡ್ರಿ' ಎಂಬ ಮೂರು ಮಾತು ಅವನು ಹೇಳಿದರೆ ಮುಗಿಯಿತು. ಅದನ್ನು ಆಕೆ ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿಸಿದ್ದಳು.

"ಏನ್ ಸ್ವಾಮಿ, ಇಂಗ್ ಮಾಡ್ಬುಟ್ರಿ?" ಎಂದರು ಶ್ರೀರಾಮಪ್ಪನವರು.

ಸಂಗಮೇಶ ಉಸಿರು ಎಳೆದುಕೊಂಡ. "ಏನೀ..." ಎಂದ.

"ಏನೀಗ ಅಂತ ಏಳ್ ಕಳ್ಸಿದ್ರಂತೆ. ಕೇಳಿ ನಂಗೆ ಒಟ್ಟೆ ಉರೀಲಿಲ್ಲ ಸ್ವಾಮಿ, ಕುಸಿಯಾಯ್ತು! ಈ ಏರಿಯಾದಲ್ಲಿ ಗಂಡ್ಸು ಅಂತ ಒಬ್ರಾದ್ರೂ ಅವ್ರಲ್ಲ ಅಂತ. ನಿಮ್ಮಂತೋರು ನಮ್ ಜೊತೆ ಇರ್ಬೇಕು. ಸಿನಿಮಾದೋರಿಗೂ ಏಳಿ, ನಾವ್ ಬೇರೆ ಅಲ್ಲ, ಅವ್ರು ಬೇರೆ ಅಲ್ಲ. ಇವತ್ತಿಂದ ನೀವು ನಮ್ ಸಂಘದ ಉಪಾಧ್ಯಕ್ಷರು. ಲೋ, ಶಾಲು ತಗೊಳ್ರೋ!"

ಶಾಲು ಹೆಗಲ ಮೇಲೆ ಬಿತ್ತು. ಹಾರ ಕುತ್ತಿಗೆಗೆ ಬಿತ್ತು. ಪೇಟ ತಲೆಗೆ ಸ್ವಲ್ಪ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಪಂಚಪ್ಪ ಚಪ್ಪಾಳೆ ತಟ್ಟಿದ. ಕೃಷ್ಣಯ್ಯನವರು ಕಾಫಿ ತಂದರು. ಗಯಾಸ್ ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾ "ಸ್ವಲ್ಪ ಗದ್ದ ಮೇಲೆ ಸಾಬ್, ಲೀಡರ್ ಥರ" ಎಂದ. ಸಂಗಮೇಶ ಗದ್ದ ಮೇಲೆತ್ತಿದ. ಮೂರು ಮಾತು ಎಲ್ಲಿ ಹೋದವೋ, ಅವನ ಬಾಯಿಂದ ಬಂದದ್ದು "ನಿಮ್ಮ ಆಶೀರ್ವಾದ" ಎಂಬುದೊಂದೇ.

ಗುರುವಾರ ಬೆಳಗ್ಗೆ ರತ್ನಕ್ಕ ಎರಡನೆಯ ಪಾಳಿಯ ಸಂಡಿಗೆ ಹೊತ್ತು ಬಾಲ್ಕನಿಯ ಬಾಗಿಲು ತೆರೆದರೆ ಕತ್ತಲು. ನಸುಕಿನಲ್ಲೇ ಹುಡುಗರು ಬಂದು ಹೊಸ ಫ್ಲೆಕ್ಸ್ ಕಟ್ಟಿದ್ದರು. ಹಳೆಯದಕ್ಕಿಂತ ದೊಡ್ಡದು. ಎಡಗಡೆ ಶ್ರೀರಾಮಪ್ಪ, ಬಲಗಡೆ ಅಷ್ಟೇ ಅಗಲಕ್ಕೆ ಪೇಟ ತೊಟ್ಟ ಸಂಗಮೇಶ. 'ಎದೆಗಾರಿಕೆಯ ಇನ್ನೊಂದು ಹೆಸರು' ಎಂದು ಮೇಲೆ ಬರೆದಿತ್ತು. ಗಯಾಸ್ ಅವನ ಮೀಸೆಯನ್ನು ಕಂಪ್ಯೂಟರಿನಲ್ಲಿ ದಪ್ಪ ಮಾಡಿದ್ದ, ಕುತ್ತಿಗೆ ನೆಟ್ಟಗೆ ಮಾಡಿದ್ದ.

ಸಂಗಮೇಶ ಬೀದಿಯಲ್ಲಿ ನಿಂತು ನೋಡುತ್ತಿದ್ದ. ಹತ್ತಿರದಿಂದ ನೋಡಿದ, ದೂರದಿಂದ ನೋಡಿದ, ಟ್ರಾನ್ಸ್‌ಫಾರ್ಮರ್ ಪಕ್ಕದಿಂದ ಓರೆಯಾಗಿ ನೋಡಿದ. ನನ್ನನ್ನು ಕರೆದು, "ಹೆಂಗ ಬಂದೇದ್ರಿ?" ಎಂದು ಕೇಳಿದ. ನಾನು "ಪರವಾಗಿಲ್ಲ" ಎಂದೆ. ಮೇಲಿನಿಂದ ರತ್ನಕ್ಕ ಕೂಗಿದಳು.

"ಬಿಚ್ಚರೀ ಅದನ್ನ!"

ಅವನು ಮಹಡಿ ಹತ್ತಿ ಹೋದ. ಆ ಮನೆಯ ಮಾತು ಎದುರು ಮನೆಗೆ ಕೇಳಿಸುವಷ್ಟು ಜೋರಾಗಿ ಆದದ್ದು ಅಂದೇ ಮೊದಲು.

"ಒಂದೆರಡ ದಿನ ಇರಲಿ ಬಿಡು. ಅವರು ಪ್ರೀತಿಲೆ ಕಟ್ಯಾರ. ಈಗ ಬಿಚ್ಚಿದ್ರ ಚಂದ ಕಾಣಂಗಿಲ್ಲ."

"ನಾಳೆ ಸಬೀರಾ ಬರತಾಳ. ಏನ್ ಕೊಡಲಿ ಆಕಿಗೆ? ನಿಮ್ಮ ಫೋಟೋ ಕರದ ಕೊಡಲೇನು?"

"ಸಂಡಿಗಿ ಫ್ಯಾನಿನ ಗಾಳೀಗೆ..."

"ಒಂದ ಮಾತ ಕೇಳತೀನಿ, ಹೇಳ್ರಿ" ಎಂದಳು ರತ್ನಕ್ಕ. ಆಕೆಯ ದನಿ ತಗ್ಗಿತು. ನಾನು ಕಿಟಕಿಯ ಹತ್ತಿರ ಸರಿದೆ. "ಆ ಸಿನಿಮಾದಾಗ ಗೌಡ ಚಟಾಕುನ ಬಾಯಿ ಮುಚ್ಚಸಾಕ ಲಡ್ಡು ಕೊಡತಾನಲ್ಲ, ಆವಾಗ ಅಂವ ಏನ್ ಮಾಡತಾನ?"

ಸಂಗಮೇಶನಿಗೆ ಗೊತ್ತಿತ್ತು. ಒಳಗಿನ ಕೋಣೆಯಿಂದ ಅಕ್ಷಯಾ ಹೇಳಿದಳು: "ಲಡ್ಡು ಪೂರ್ತಿ ತಿಂದು, ಕೈ ಚಡ್ಡೀಗೆ ಒರಸಿಕೊಂಡು, 'ಹೋರಿ ಎಬ್ಬಿಸಿ' ಅಂತಾನಮ್ಮ."

"ನಿಮ್ಮಪ್ಪ ಲಡ್ಡು ಅಷ್ಟ ತಿಂದಾನ ನೋಡು" ಎಂದಳು ರತ್ನಕ್ಕ.

ಇಷ್ಟು ಹೇಳಿ ಆಕೆ ಅಡುಗೆಮನೆಗೆ ಹೋಗಿ ಕುಂಬಳಕಾಯಿ ಕೊಯ್ಯುವ ಚಾಕು ತಂದಳು. ಬೀದಿಯಲ್ಲಿ ಜನ ಸೇರಿದರು. ಫ್ಲೆಕ್ಸಿನ ಬಲಭಾಗದಲ್ಲಿ, ಪೇಟದ ತುದಿಯ ಹತ್ತಿರ, ಒಳಗಿನಿಂದ ಚಾಕುವಿನ ಮೊನೆ ಹೊರಗೆ ಬಂತು. ನಿಧಾನವಾಗಿ ಅದು ಪೇಟವನ್ನು ಬಳಸಿ, ಕಿವಿಯ ಪಕ್ಕ ಇಳಿದು, ಎತ್ತಿದ ಗದ್ದವನ್ನು ಸುತ್ತಿ, ಇನ್ನೊಂದು ಕಿವಿಯಿಂದ ಮೇಲೆ ಹತ್ತಿತು. ಸಂಗಮೇಶನ ಮುಖ ಫ್ಲೆಕ್ಸಿನಿಂದ ಕಳಚಿ, ತೇಲುತ್ತಾ ಬಂದು ಟ್ರಾನ್ಸ್‌ಫಾರ್ಮರ್ ಪಕ್ಕ ಬಿತ್ತು.

ಶ್ರೀರಾಮಪ್ಪನವರ ಹುಡುಗನೊಬ್ಬ ಕೆಳಗಿನಿಂದ ಕೂಗಿದ: "ಅಕ್ಕಾ! ಅದು ಸಂಘದ ಫ್ಲೆಕ್ಸು ಅಕ್ಕಾ!"

ಕೊರೆದ ಕಿಂಡಿಯಲ್ಲಿ ರತ್ನಕ್ಕನ ಮುಖ ಕಾಣಿಸಿತು. "ನಿಮ್ಮ ಸಾಹೇಬರದು ನಾ ಮುಟ್ಟಿಲ್ಲಪಾ, ನೋಡಿಕೊ. ಅವರದ ಕೂದಲ ಕೊಂಕಿಲ್ಲ. ನನ್ನ ಗಂಡನ ಮಾರಿ ನಾ ಕೊಯ್ದೀನಿ. ಅದಕ್ಕ ನಿಮ್ಮ ಸಂಘದ ಪರವಾನಗಿ ಬೇಕೇನು?"

ಹುಡುಗ ಗಯಾಸನ ಮುಖ ನೋಡಿದ. ಗಯಾಸ್ ಕೃಷ್ಣಯ್ಯನವರ ಮುಖ ನೋಡಿದ. ಅಲ್ಲಿ ನೆರೆದ ಗಂಡಸರಲ್ಲಿ ಹೆಂಡತಿಯ ಎದುರು ಸಂಘ ಕರೆದುಕೊಂಡು ನಿಲ್ಲಬಲ್ಲವರು ಒಬ್ಬರೂ ಇರಲಿಲ್ಲ, ನಾನೂ ಸೇರಿ. ಕೆಲವರಿಗೆ ಕೆಲಸದ ನೆನಪಾಯಿತು. ಪಂಚಪ್ಪ ಆ ಸಂಜೆಯ ರೈಲಿಗೇ ಊರಿಗೆ ಹೊರಟ.

ಆ ಕಿಂಡಿಯಿಂದ ಒಳಗೆ ಬಿದ್ದ ಬಿಸಿಲು ನಡುಮನೆಯ ನೆಲದ ಮೇಲೆ ಪೇಟ ತೊಟ್ಟ ಒಂದು ತಲೆಯ ಆಕಾರದಲ್ಲಿತ್ತು. ರತ್ನಕ್ಕ ಸಂಡಿಗೆಯ ಸೀರೆಯನ್ನು ಅಲ್ಲಿಗೆ ಎಳೆದು ಹಾಸಿದಳು. ಬಿಸಿಲು ಸರಿದಂತೆಲ್ಲ ಸೀರೆಯನ್ನೂ ಸರಿಸಬೇಕು, ಕಿಂಡಿಯಿಂದ ಒಳಗೆ ಬರುವ ಕಾಗೆಯನ್ನೂ ಓಡಿಸಬೇಕು. ಅದಕ್ಕೆ ಗಂಡನನ್ನು ಒಂದು ಕೋಲು ಕೊಟ್ಟು ಕೂರಿಸಿದಳು. ಉಪಾಧ್ಯಕ್ಷರು ಆ ದಿನ ಕೆಲಸಕ್ಕೆ ರಜೆ ಹಾಕಿ, ಸಂಜೆಯವರೆಗೆ ಕೂತು, ಅಷ್ಟೂ ಸಂಡಿಗೆಯನ್ನು ಗರಿಗರಿ ಒಣಗಿಸಿದರು.